'ನಾರ್ಮಲ್' ಅಂದರೆ ಯಾರ ನಾರ್ಮಲ್?

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಕಾಲೇಜಿನ ಎನ್‌ಎಸ್‌ಎಸ್ ಘಟಕ ರಕ್ತದಾನ ಶಿಬಿರ ಇಟ್ಟುಕೊಂಡಿತ್ತು. ನನ್ನ ತೂಕ ಇನ್ನೂ 45 ಕೆ.ಜಿ. ಮುಟ್ಟದ ಕಾರಣ ನಾನು ರಕ್ತ ಕೊಡುವಂತಿರಲಿಲ್ಲ. ಮೇಜಿನ ಹಿಂದೆ ಕುಳಿತು ಹೆಸರು ಬರೆದುಕೊಳ್ಳುವ ಕೆಲಸ ಸಿಕ್ಕಿತ್ತು. ನನ್ನ ರೂಂಮೇಟ್ ಮಾತ್ರ ಬೆಳಗ್ಗೆಯೇ ತಿಂಡಿ ಮುಗಿಸಿ ಉತ್ಸಾಹದಿಂದ ಸಾಲಿನಲ್ಲಿ ನಿಂತಿದ್ದಳು. ಅದು ಅವಳ ಮೊದಲ ರಕ್ತದಾನ.

ಬೆರಳು ಚುಚ್ಚಿ ತೆಗೆದ ಒಂದು ಹನಿ ರಕ್ತವನ್ನು ನೀಲಿ ಬಣ್ಣದ ದ್ರಾವಣಕ್ಕೆ ಬಿಟ್ಟರು. ಅದು ಮೈಲುತುತ್ತದ ದ್ರಾವಣ. ಹನಿ ಮುಳುಗಿದರೆ ಪಾಸ್, ತೇಲಿದರೆ ಫೇಲ್. ಅವಳ ಹನಿ ತೇಲಿತು. ಪುಟ್ಟ ಮೀಟರಿನಲ್ಲಿ ಇನ್ನೊಮ್ಮೆ ನೋಡಿದರು. ಹಿಮೋಗ್ಲೋಬಿನ್ 12.2 ಗ್ರಾಂ. 'ಹನ್ನೆರಡೂವರೆ ಇರಬೇಕಮ್ಮ, ಮುಂದಿನ ಸಲ ಬನ್ನಿ' ಅಂತ ನರ್ಸ್ ನಗುತ್ತಲೇ ಕಳುಹಿಸಿದರು.

ಸಂಜೆಯ ಹೊತ್ತಿಗೆ ಇಡೀ ಹಾಸ್ಟೆಲ್‌ಗೆ ಸುದ್ದಿಯಾಗಿತ್ತು, 'ಅವಳಿಗೆ ರಕ್ತ ಇಲ್ವಂತೆ' ಅಂತ. ಮನೆಗೆ ಫೋನ್ ಮಾಡಿದರೆ ಅಮ್ಮ 'ಬೀಟ್‌ರೂಟ್ ತಿನ್ನು ಅಂದ್ರೆ ಕೇಳ್ತೀಯಾ?' ಎಂದು ಶುರುಮಾಡಿದರು. ಪಕ್ಕದಲ್ಲಿದ್ದ ದೊಡ್ಡಮ್ಮ 'ನಾಳೆ ಮದುವೆ ಆಗಬೇಕಾದ ಹುಡುಗಿ' ಎಂದು ನಿಟ್ಟುಸಿರು ಬಿಟ್ಟಿದ್ದು ನನಗೂ ಕೇಳಿಸಿತು.

ಆ ವಾರವೇ ಹಾಸ್ಟೆಲ್ ಹತ್ತಿರದ ಲ್ಯಾಬ್‌ಗೆ ಹೋದೆವು. ಅವಳ ಜೊತೆಗೆ ನಾನೂ ಪರೀಕ್ಷೆ ಮಾಡಿಸಿಕೊಂಡೆ. ಅವಳ ರಿಪೋರ್ಟ್‌ನಲ್ಲಿ ಹಿಮೋಗ್ಲೋಬಿನ್ 12.2, ಪಕ್ಕದಲ್ಲಿ ದಪ್ಪಕ್ಷರದ 'ಎಲ್'. ಎಲ್ ಅಂದರೆ ಲೋ, ಕಡಿಮೆ. ಅಲ್ಲಿ ಮುದ್ರಿಸಿದ್ದ ರೆಫರೆನ್ಸ್ ರೇಂಜ್ 12.5ರಿಂದ 15.5. ಹದಿನೈದು ದಿನ ಬಿಟ್ಟು ಊರಿಗೆ ಹೋದಾಗ ಅವಳ ಅಪ್ಪ ಅಲ್ಲಿನ ಲ್ಯಾಬ್‌ನಲ್ಲಿ ಮತ್ತೆ ಮಾಡಿಸಿದರು. ಅಲ್ಲಿ ಬಂದಿದ್ದು 12.1. ಒಂದು ಗುಲಗಂಜಿಯಷ್ಟು ಕಡಿಮೆಯೇ. ಆದರೆ ಅಲ್ಲಿ ಯಾವ ಅಕ್ಷರವೂ ಇರಲಿಲ್ಲ, ಏಕೆಂದರೆ ಆ ಲ್ಯಾಬ್‌ನ ರೇಂಜ್ 11.5ರಿಂದ ಶುರುವಾಗುತ್ತಿತ್ತು. ಅದೇ ಹುಡುಗಿ, ಹೆಚ್ಚುಕಡಿಮೆ ಅದೇ ರಕ್ತ. ಒಂದು ಕಡೆ ರೋಗಿ, ಇನ್ನೊಂದು ಕಡೆ ಆರೋಗ್ಯವಂತೆ!

'ಹಾಗಾದರೆ ನಾನು ನಾರ್ಮಲ್ಲೋ ಅಲ್ಲವೋ?' ಎಂದು ಅವಳು ಕೇಳಿದಳು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿರುವ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಗೆರೆ ಎಲ್ಲಿ ಎಳೆಯಬೇಕು, ಯಾಕೆ ಎಳೆಯಬೇಕು ಎನ್ನುವುದು ನಮ್ಮ ವರ್ಕ್‌ಶಾಪಿನ ನಿತ್ಯದ ಪ್ರಶ್ನೆ. ಹಾಗಾಗಿ ಈ ಗೆರೆಯ ಮೂಲ ಹುಡುಕಲು ಹೊರಟೆ. ಮೊದಲು ಕೇಳಿದ್ದು ಲ್ಯಾಬ್‌ನ ಟೆಕ್ನಿಷಿಯನ್ ಅಣ್ಣನನ್ನು. ಅವರು ತುಂಬ ಸರಳವಾಗಿ ಹೇಳಿದರು: 'ಕಿಟ್ ಬರುತ್ತಲ್ಲ, ಅದರ ಡಬ್ಬಿಯೊಳಗೆ ಒಂದು ಚೀಟಿ ಇರುತ್ತೆ. ಅದರಲ್ಲಿ ಬರೆದಿರುತ್ತಾರೆ. ನಾವು ಅದನ್ನೇ ಕಂಪ್ಯೂಟರ್‌ಗೆ ಹಾಕ್ತೀವಿ.'

120 ಜನರ ಕಥೆ

ಡಬ್ಬಿಯ ಚೀಟಿಗೆ ಆ ಸಂಖ್ಯೆ ಬರುವುದು ಎಲ್ಲಿಂದ? ಹಿಂದೆ ವೈದ್ಯರು 'ನಾರ್ಮಲ್ ವ್ಯಾಲ್ಯೂ' ಎಂಬ ಮಾತನ್ನು ಸಲೀಸಾಗಿ ಬಳಸುತ್ತಿದ್ದರು. ಯಾರನ್ನು ನಾರ್ಮಲ್ ಎಂದು ಕರೆಯಬೇಕು, ಅವರನ್ನು ಆರಿಸಿದ್ದು ಹೇಗೆ ಎಂಬ ಬಗ್ಗೆ ಸ್ಪಷ್ಟತೆ ಇರಲಿಲ್ಲ. 1969ರಲ್ಲಿ ಫಿನ್ಲೆಂಡಿನ ರಾಲ್ಫ್ ಗ್ರಾಸ್‌ಬೆಕ್ ಮತ್ತು ನಿಲ್ಸ್-ಎರಿಕ್ ಸಾರಿಸ್ ಎಂಬ ವಿಜ್ಞಾನಿಗಳು 'ನಾರ್ಮಲ್' ಪದವನ್ನು ಬದಿಗಿಟ್ಟು 'ರೆಫರೆನ್ಸ್ ವ್ಯಾಲ್ಯೂ' ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಅದರ ಅರ್ಥ ಇಷ್ಟೇ: ಒಬ್ಬರ ಫಲಿತಾಂಶವನ್ನು ಹೋಲಿಸಲು ಒಂದು ಗುಂಪು ಬೇಕು. ಆ ಗುಂಪು ಯಾರದ್ದು ಎಂದು ಬರೆದಿಟ್ಟಿರಬೇಕು.

ಇಂದು ಜಗತ್ತಿನ ಬಹುತೇಕ ಕಡೆ ಒಪ್ಪಿತವಾದ ವಿಧಾನ ಹೀಗಿದೆ. ಕನಿಷ್ಠ 120 ಮಂದಿ ಆರೋಗ್ಯವಂತರನ್ನು ಆರಿಸಬೇಕು. ಗಂಡಸರಿಗೂ ಹೆಂಗಸರಿಗೂ ವ್ಯತ್ಯಾಸ ಇರುವ ಪರೀಕ್ಷೆಯಾದರೆ ಪ್ರತ್ಯೇಕವಾಗಿ 120, 120. ಎಲ್ಲರ ರಕ್ತವನ್ನೂ ಒಂದೇ ರೀತಿಯಲ್ಲಿ ತೆಗೆದು, ಒಂದೇ ವಿಧಾನದಲ್ಲಿ ಅಳೆಯಬೇಕು. ಫಲಿತಾಂಶಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸಬೇಕು. ಕೆಳಗಿನ ಶೇ 2.5 ಮತ್ತು ಮೇಲಿನ ಶೇ 2.5 ಬಿಟ್ಟು, ನಡುವಿನ ಶೇ 95ರಷ್ಟು ಜನರ ಫಲಿತಾಂಶ ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆಯೋ ಅದೇ ರೆಫರೆನ್ಸ್ ರೇಂಜ್.

120ರಲ್ಲಿ ಶೇ 2.5 ಅಂದರೆ ಮೂವರು. ಕೆಳಗೆ ಮೂವರು, ಮೇಲೆ ಮೂವರು, ಒಟ್ಟು ಆರು ಮಂದಿಯ ಜಾಗ ಗೆರೆಯ ಅಂಚಿನಲ್ಲಿ ಅಥವಾ ಆಚೆ. ಅವರಿಗೆ ಕಾಯಿಲೆ ಇದೆಯೇ? ಇಲ್ಲ. ಆರೋಗ್ಯವಂತರು ಎಂದು ಖಾತ್ರಿ ಮಾಡಿಕೊಂಡೇ ಅವರನ್ನು ಆರಿಸಿದ್ದು. ಅಂದರೆ ಈ ಗೆರೆ ಎಳೆಯುವ ಕ್ಷಣದಲ್ಲೇ ನೂರರಲ್ಲಿ ಐವರು ಆರೋಗ್ಯವಂತರನ್ನು ನಾವೇ ಹೊರಗಿಟ್ಟಿರುತ್ತೇವೆ. ಇದು ಲೆಕ್ಕದ ತಪ್ಪಲ್ಲ, ಲೆಕ್ಕವೇ ಹಾಗಿರುವುದು.

ಈಗ ನಮ್ಮ ಗಣಿತದ ಪಾಠದ ಸಂಭವನೀಯತೆಯನ್ನು ಸ್ವಲ್ಪ ಬಳಸೋಣ. ಒಬ್ಬ ಆರೋಗ್ಯವಂತನಿಗೆ ಒಂದು ಪರೀಕ್ಷೆ ರೇಂಜ್‌ನ ಒಳಗೆ ಬರುವ ಸಾಧ್ಯತೆ 0.95. 'ಫುಲ್ ಬಾಡಿ ಚೆಕಪ್' ಹೆಸರಿನಲ್ಲಿ 20 ಪರೀಕ್ಷೆ ಮಾಡಿಸಿದರೆ ಇಪ್ಪತ್ತೂ ಒಳಗೆ ಬರುವ ಸಾಧ್ಯತೆ 0.95ನ್ನು ಇಪ್ಪತ್ತು ಸಲ ಗುಣಿಸಿದಷ್ಟು, ಸುಮಾರು 0.36. ಅಂದರೆ ಏನೂ ತೊಂದರೆ ಇಲ್ಲದ ನೂರು ಜನ ಈ ಚೆಕಪ್ ಮಾಡಿಸಿದರೆ ಅವರಲ್ಲಿ 64 ಮಂದಿಯ ರಿಪೋರ್ಟ್‌ನಲ್ಲಿ ಒಂದಾದರೂ ದಪ್ಪಕ್ಷರ ಇರುತ್ತದೆ. ರಕ್ತದ ಪರೀಕ್ಷೆಗಳು ಒಂದಕ್ಕೊಂದು ಪೂರ್ತಿ ಸಂಬಂಧವಿಲ್ಲದವಲ್ಲ, ಹಾಗಾಗಿ ನಿಜವಾದ ಸಂಖ್ಯೆ ಇದಕ್ಕಿಂತ ಸ್ವಲ್ಪ ಬೇರೆಯಾಗಬಹುದು. ಆದರೆ ಸಾರ ಬದಲಾಗದು. ಪರೀಕ್ಷೆಗಳನ್ನು ಹೆಚ್ಚಿಸುತ್ತ ಹೋದರೆ ಯಾರನ್ನು ಬೇಕಾದರೂ 'ಅಬ್‌ನಾರ್ಮಲ್' ಮಾಡಬಹುದು.

ಎರಡು ಬಗೆಯ ಗೆರೆ

ವರ್ಕ್‌ಶಾಪಿನಲ್ಲಿ ನಮಗೆ ಎರಡು ಬಗೆಯ ಮಿತಿಗಳನ್ನು ಕಲಿಸುತ್ತಾರೆ. ಒಂದು ಡ್ರಾಯಿಂಗ್‌ನಲ್ಲಿರುವ ಮಿತಿ. ಶಾಫ್ಟ್‌ನ ವ್ಯಾಸ ಇಷ್ಟಕ್ಕಿಂತ ದಪ್ಪವಾದರೆ ಬೇರಿಂಗ್ ಒಳಗೆ ಹೋಗುವುದಿಲ್ಲ, ಇಷ್ಟಕ್ಕಿಂತ ಸಣ್ಣದಾದರೆ ಅಲ್ಲಾಡುತ್ತದೆ. ಇದು ಕೆಲಸ ಕೆಡುವ ಜಾಗದಲ್ಲಿ ಎಳೆದ ಗೆರೆ. ಇನ್ನೊಂದು ಕಂಟ್ರೋಲ್ ಚಾರ್ಟ್‌ನ ಮಿತಿ. 1924ರಲ್ಲಿ ಅಮೆರಿಕದ ವಾಲ್ಟರ್ ಶೂಹಾರ್ಟ್ ಕೊಟ್ಟ ವಿಧಾನ ಅದು. ಆ ಯಂತ್ರ ಸಾಮಾನ್ಯವಾಗಿ ಎಂಥ ಶಾಫ್ಟ್ ಮಾಡುತ್ತದೆ ಎಂದು ಅಳೆದು ನೋಡಿ ಎಳೆದ ಗೆರೆ. ಅದು ಯಂತ್ರದ ಅಭ್ಯಾಸವನ್ನು ಹೇಳುತ್ತದೆಯೇ ಹೊರತು ಶಾಫ್ಟ್ ಬಳಸಲು ಯೋಗ್ಯವೋ ಅಲ್ಲವೋ ಎಂದು ಹೇಳುವುದಿಲ್ಲ. ಈ ಎರಡನ್ನು ಗೊಂದಲ ಮಾಡಿಕೊಂಡರೆ ವೈವಾದಲ್ಲಿ ನಮ್ಮ ಕಥೆ ಮುಗಿದಂತೆ.

ಲ್ಯಾಬ್ ರಿಪೋರ್ಟ್‌ನಲ್ಲೂ ಈ ಎರಡು ಬಗೆಯ ಗೆರೆಗಳಿವೆ. ಆದರೆ ಎರಡನ್ನೂ ಒಂದೇ ಕಾಲಂನಲ್ಲಿ, ಒಂದೇ ಅಕ್ಷರದಲ್ಲಿ ಮುದ್ರಿಸಲಾಗುತ್ತದೆ. ಮಧುಮೇಹದ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.5 ಎಂಬುದು ಡ್ರಾಯಿಂಗ್‌ನ ಗೆರೆಯಂಥದ್ದು. ಆ ಮಟ್ಟದ ಆಸುಪಾಸಿನಿಂದ ಕಣ್ಣಿನ ರೆಟಿನಾಗೆ ಹಾನಿಯಾಗುವುದು ಹೆಚ್ಚುತ್ತದೆ ಎಂದು ನೋಡಿ ನಿರ್ಧರಿಸಿದ್ದು. ನೂರರಲ್ಲಿ ಎಷ್ಟು ಜನ ಅದರ ಆಚೆ ಇದ್ದಾರೆ ಎಂಬುದು ಅಲ್ಲಿ ಮುಖ್ಯವಲ್ಲ. ಸೋಡಿಯಂ, ಕ್ರಿಯಾಟಿನಿನ್, ಬಿಲಿರುಬಿನ್ ಮುಂತಾದವುಗಳ ಪಕ್ಕದಲ್ಲಿ ಸಾಮಾನ್ಯವಾಗಿ ಇರುವುದು ಎರಡನೇ ಬಗೆಯದು, ಗುಂಪಿನ ಅಭ್ಯಾಸವನ್ನು ಹೇಳುವ ಗೆರೆ.

ರಕ್ತದಾನ ಶಿಬಿರದ 12.5 ಇವೆರಡಕ್ಕೂ ಸೇರದ ಮೂರನೆಯದು. ನಮ್ಮ ದೇಶದ ನಿಯಮದಲ್ಲಿ ರಕ್ತ ಕೊಡುವ ಗಂಡಸರಿಗೂ ಹೆಂಗಸರಿಗೂ ಅದೇ ಕನಿಷ್ಠ ಮಟ್ಟ. 350 ಮಿ.ಲೀ. ರಕ್ತ ತೆಗೆದ ಮೇಲೂ ಕೊಟ್ಟವರು ಕ್ಷೇಮವಾಗಿರಲಿ, ಪಡೆದವರಿಗೆ ಉಪಯೋಗವಾಗಲಿ ಎಂಬುದಷ್ಟೇ ಅದರ ಉದ್ದೇಶ. ಆ ನೀಲಿ ದ್ರಾವಣ ನಮ್ಮ ವರ್ಕ್‌ಶಾಪಿನ 'ಗೋ–ನೋ ಗೋ' ಗೇಜ್ ಇದ್ದಂತೆ. ಅದು 'ಇವತ್ತು ಕೊಡಬಹುದು' ಅಥವಾ 'ಇವತ್ತು ಬೇಡ' ಎನ್ನುತ್ತದೆ. 'ನಿನಗೆ ರಕ್ತಹೀನತೆ ಇದೆ' ಎಂದು ಅದು ಯಾವತ್ತೂ ಹೇಳಿಲ್ಲ. ಹೇಳಿದ್ದು ನಾವು, ಹಾಸ್ಟೆಲ್‌ನವರು.

ಯಾರ ರಕ್ತ ನೋಡಿ ಎಳೆದ ಗೆರೆ?

ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಆ 120 ಮಂದಿ ಯಾರು?

ಹಿಮೋಗ್ಲೋಬಿನ್ ಉದಾಹರಣೆಯನ್ನೇ ತೆಗೆದುಕೊಳ್ಳಿ. ಗರ್ಭಿಣಿಯರಲ್ಲದ ಹೆಂಗಸರಿಗೆ 12, ಗಂಡಸರಿಗೆ 13, ಇದಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಗೆರೆಗಳ ಮೂಲ 1968ರ ಒಂದು ವರದಿಯಲ್ಲಿದೆ. ಅದಕ್ಕೆ ಆಧಾರವಾಗಿದ್ದ ಕೆಲವೇ ಅಧ್ಯಯನಗಳು ಬಹುಪಾಲು ಯುರೋಪ್ ಮತ್ತು ಉತ್ತರ ಅಮೆರಿಕದ ಜನರ ಮೇಲೆ ನಡೆದವು. ಆ ಗೆರೆಯನ್ನು ಇಟ್ಟುಕೊಂಡೇ ನಮ್ಮಲ್ಲಿ ದಶಕಗಳ ಕಾಲ ಸಮೀಕ್ಷೆ ನಡೆದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ರಕ್ತಹೀನರು.

ನಮ್ಮವರನ್ನೇ ಅಳೆದು ನೋಡಿದರೆ ಏನಾಗುತ್ತದೆ? ಈ ಕೆಲಸ 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಡೆಯಿತು. ದೆಹಲಿಯ ಮಕ್ಕಳ ತಜ್ಞ ಎಚ್.ಪಿ.ಎಸ್. ಸಚ್‌ದೇವ್ ಅವರ ಜೊತೆ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನ ಅನುರಾ ಕುರ್ಪಾಡ್ ಮುಂತಾದವರು ಆ ತಂಡದಲ್ಲಿದ್ದರು. 2016–18ರಲ್ಲಿ ದೇಶದಾದ್ಯಂತ ನಡೆದ ಪೌಷ್ಟಿಕತೆಯ ಸಮೀಕ್ಷೆಯಿಂದ 1ರಿಂದ 19 ವರ್ಷದ ಸುಮಾರು 41 ಸಾವಿರ ಮಂದಿಯ ಮಾಹಿತಿಯನ್ನು ಅವರು ತೆಗೆದುಕೊಂಡರು. ಅದರಿಂದ ಕಬ್ಬಿಣದ ಕೊರತೆ ಇದ್ದವರು, ಫೋಲೇಟ್, ಬಿ12, ಎ ವಿಟಮಿನ್ ಕೊರತೆ ಇದ್ದವರು, ಉರಿಯೂತದ ಲಕ್ಷಣ ಇದ್ದವರು, ಹಿಮೋಗ್ಲೋಬಿನ್‌ನಲ್ಲೇ ಆನುವಂಶಿಕ ವ್ಯತ್ಯಾಸ ಇದ್ದವರನ್ನೆಲ್ಲ ಬಿಟ್ಟರು. ಉಳಿದವರು ಸುಮಾರು 8 ಸಾವಿರ. ಅವರಿಂದ ಎಳೆದ ಗೆರೆ ಎಲ್ಲ ವಯಸ್ಸಿನಲ್ಲೂ ವಿಶ್ವ ಆರೋಗ್ಯ ಸಂಸ್ಥೆಯ ಗೆರೆಗಿಂತ ಕೆಳಗೇ ಇತ್ತು. ಒಂದೆರಡು ವರ್ಷದ ಕಂದಮ್ಮಗಳಲ್ಲಿ ಮತ್ತು ಹತ್ತು ದಾಟಿದ ಹುಡುಗಿಯರಲ್ಲಿ 1ರಿಂದ 2 ಗ್ರಾಂವರೆಗೂ ಕೆಳಗೆ. ಹಳೆಯ ಗೆರೆಯಲ್ಲಿ ನೂರಕ್ಕೆ 30 ಮಂದಿ ರಕ್ತಹೀನರಾಗಿದ್ದರೆ, ಹೊಸ ಗೆರೆಯಲ್ಲಿ ಸುಮಾರು 11 ಮಂದಿ. ಮಕ್ಕಳ ಮೈಯಲ್ಲಿ ಒಂದು ಹನಿ ರಕ್ತವೂ ಹೆಚ್ಚಾಗಿರಲಿಲ್ಲ, ಬದಲಾಗಿದ್ದು ಗೆರೆ ಮಾತ್ರ.

ಮುಂದೆ 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾರ್ಗಸೂಚಿ ಪರಿಷ್ಕರಿಸಿತು. 6ರಿಂದ 23 ತಿಂಗಳ ಮಕ್ಕಳ ಮಿತಿಯನ್ನು 11ರಿಂದ 10.5ಕ್ಕೆ ಇಳಿಸಿತು. ವಯಸ್ಕರ 12 ಮತ್ತು 13 ಹಾಗೆಯೇ ಉಳಿದವು. ಇದು ಇತ್ಯರ್ಥವಾದ ವಿಷಯವಲ್ಲ, ಇನ್ನೂ ಚರ್ಚೆಯಲ್ಲಿರುವ ವಿಷಯ ಎಂಬುದಕ್ಕೆ ಇದೇ ಸಾಕ್ಷಿ.

ಗೆರೆ ಇಳಿಸಿದರೆ ಕಾಯಿಲೆ ಹೋಗುತ್ತದೆಯೇ?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಏಳಲೇಬೇಕು. 'ಪಾಸ್ ಮಾರ್ಕ್ಸ್ ಇಳಿಸಿ ರಿಸಲ್ಟ್ ಚೆನ್ನಾಗಿದೆ ಅಂದಂತಾಯಿತಲ್ಲ?' ಎಂದು ನನ್ನ ಸಹಪಾಠಿಯೊಬ್ಬ ಕೇಳಿದ. ನಿಜವಾಗಿ ಹೊಟ್ಟೆಗೆ ಸಾಲದ, ಸೊಪ್ಪು ತರಕಾರಿ ಕಾಣದ ಹೆಣ್ಣುಮಕ್ಕಳು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಗೆರೆ ಕೆಳಗಿಳಿಸಿ ಅವರನ್ನು ಲೆಕ್ಕದಿಂದ ಅಳಿಸಿಬಿಟ್ಟರೆ ಅದಕ್ಕಿಂತ ದೊಡ್ಡ ಅನ್ಯಾಯ ಬೇರಿಲ್ಲ.

ಆಕ್ಷೇಪದಲ್ಲಿ ತೂಕವಿದೆ. ಅದಕ್ಕೇ 'ನಮ್ಮ ಊರಿನ 120 ಜನರನ್ನು ಹಿಡಿದು ಅಳೆದರಾಯಿತು' ಎನ್ನುವಂತಿಲ್ಲ. ಡಿ ವಿಟಮಿನ್ ನೋಡಿ. ದಿನವಿಡೀ ಕ್ಲಾಸ್‌ರೂಮ್, ಆಫೀಸ್‌ಗಳಲ್ಲಿ ಕಳೆಯುವ ನಗರದ ಜನರಲ್ಲಿ ಅದರ ಕೊರತೆ ವ್ಯಾಪಕವಾಗಿದೆ. ಅಂಥವರನ್ನೇ ಅಳೆದು ನಡುವಿನ ಶೇ 95 ತೆಗೆದರೆ ಕೊರತೆಯೇ 'ನಾರ್ಮಲ್' ಆಗಿಬಿಡುತ್ತದೆ. ಊರಿಗೆ ಊರೇ ಹಸಿದಿದ್ದರೆ ಹಸಿವೇ ಆರೋಗ್ಯ ಎನ್ನಲಾದೀತೇ? ಹಿಮೋಗ್ಲೋಬಿನ್ ಅಧ್ಯಯನದಲ್ಲಿ 41 ಸಾವಿರವನ್ನು 8 ಸಾವಿರಕ್ಕೆ ಸೋಸಿದ್ದು ಈ ಬಲೆಗೆ ಬೀಳಬಾರದೆಂದೇ. ಯಾರನ್ನು ಆರಿಸಿದೆವು ಎನ್ನುವುದಷ್ಟೇ ಯಾರನ್ನು ಬಿಟ್ಟೆವು ಎನ್ನುವುದೂ ಮುಖ್ಯ.

ಇನ್ನೊಂದು ಮಾತು. ಎರವಲು ಗೆರೆ ಯಾವಾಗಲೂ ನಮ್ಮನ್ನು ಸುಮ್ಮನೆ ಹೆದರಿಸುತ್ತದೆ ಎಂದೇನಿಲ್ಲ. ಕೆಲವೊಮ್ಮೆ ಸುಮ್ಮನೆ ಸಮಾಧಾನವನ್ನೂ ಮಾಡುತ್ತದೆ. ತೂಕ ಮತ್ತು ಎತ್ತರದಿಂದ ಲೆಕ್ಕ ಹಾಕುವ ಬಿಎಂಐ ರಕ್ತಪರೀಕ್ಷೆಯಲ್ಲ, ಆದರೆ ಪಾಠ ಅದೇ. 2004ರಲ್ಲಿ ಲಂಡನ್ನಿನ ಡಾ. ಯುಡ್ಕಿನ್ ಮತ್ತು ಪುಣೆಯ ಡಾ. ಯಾಜ್ಞಿಕ್ ಜೊತೆಯಾಗಿ ನಿಂತ ತಮ್ಮದೇ ಫೋಟೊವನ್ನು ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐ ಕೂಡ 22.3. ಆದರೆ ದೇಹದ ಕೊಬ್ಬು ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ಸಣಕಲಾಗಿ ಕಾಣುವ ನಮ್ಮ ಮೈಯೊಳಗೆ ಕೊಬ್ಬು ಅಡಗಿರುತ್ತದೆ. ಹಾಗಾಗಿಯೇ ಪಾಶ್ಚಾತ್ಯರ 25ರ ಬದಲು ಭಾರತೀಯರಿಗೆ 23ರಿಂದಲೇ ಹೆಚ್ಚು ತೂಕ ಎಂದು ಇಲ್ಲಿನ ತಜ್ಞರು ಗೆರೆ ಎಳೆದಿದ್ದಾರೆ. ಹಿಮೋಗ್ಲೋಬಿನ್‌ನಲ್ಲಿ ಸಡಿಲ, ಬಿಎಂಐನಲ್ಲಿ ಬಿಗಿ. ಹಾಗಾಗಿ ನನ್ನ ವಾದ ಗೆರೆ ಇಳಿಸಿ ಎಂದಲ್ಲ, ಏರಿಸಿ ಎಂದೂ ಅಲ್ಲ. ಅಳೆದು ಎಳೆಯಿರಿ, ಎಳೆದಿದ್ದು ಯಾರನ್ನು ನೋಡಿ ಎಂದು ಹೇಳಿ.

ಆಫರ್ ಲೆಟರ್ ಮತ್ತು ದಪ್ಪಕ್ಷರ

'ಇದೆಲ್ಲ ಡಾಕ್ಟರ್‌ಗಳ ತಲೆನೋವು, ನಮಗೇಕೆ?' ಎನ್ನಬೇಡಿ. ಕೆಲಸಕ್ಕೆ ಸೇರುವ ಮೊದಲು ಮೆಡಿಕಲ್ ಟೆಸ್ಟ್ ಎದುರಿಸಬೇಕಾದ ವಯಸ್ಸು ನಮ್ಮದು. ನಮ್ಮ ಸೀನಿಯರ್ ಒಬ್ಬರಿಗೆ ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕಿತ್ತು. ಮೆಡಿಕಲ್‌ನಲ್ಲಿ ಬಿಲಿರುಬಿನ್ 1.9 ಬಂತು, ಮುದ್ರಿತ ಗೆರೆ 1.2. ಪಕ್ಕದಲ್ಲಿ 'ಎಚ್' ಅಕ್ಷರ. ಎಚ್‌ಆರ್ ವಿಭಾಗದಿಂದ 'ಲಿವರ್ ಸಮಸ್ಯೆ ಇಲ್ಲ ಎಂದು ಪ್ರಮಾಣಪತ್ರ ತನ್ನಿ' ಎಂಬ ಮೇಲ್ ಬಂತು. ಮೂರು ವಾರ ಆಸ್ಪತ್ರೆಗೆ ಅಲೆದ ಮೇಲೆ ತಿಳಿದಿದ್ದು, ಅವರಿಗಿರುವುದು ಗಿಲ್ಬರ್ಟ್ ಸಿಂಡ್ರೋಮ್ ಎಂದು. ಹುಟ್ಟಿನಿಂದ ಬರುವ, ಚಿಕಿತ್ಸೆಯೇ ಬೇಡದ, ನಿರುಪದ್ರವಿ ವ್ಯತ್ಯಾಸ ಅದು. ಉಪವಾಸ ಇದ್ದಾಗ ಅಂಥವರ ಬಿಲಿರುಬಿನ್ ಇನ್ನಷ್ಟು ಏರುತ್ತದೆ. ಮೆಡಿಕಲ್‌ಗೆ ಕರೆದದ್ದೇ ಖಾಲಿ ಹೊಟ್ಟೆಯಲ್ಲಿ! ಅವರ ಕೆಲಸ ಉಳಿಯಿತು. ಆದರೆ ಆ ಮೂರು ವಾರ ಅವರ ಅಪ್ಪ ಅಮ್ಮ ನಿದ್ದೆ ಮಾಡಿರಲಿಲ್ಲ.

ಜಿಮ್‌ಗೆ ಹೋಗುವ ಗೆಳೆಯರಿಗೂ ಒಂದು ಮಾತು. ಹಿಂದಿನ ದಿನ ಭಾರ ಎತ್ತಿ ಮರುದಿನ ರಕ್ತ ಕೊಟ್ಟರೆ ಎಸ್‌ಜಿಒಟಿ, ಸಿಕೆ ಮುಂತಾದವು ಗೆರೆ ದಾಟಿ ಹೋಗಬಹುದು. ಅವು ಬಂದಿರುವುದು ದಣಿದ ಸ್ನಾಯುಗಳಿಂದ. ರಿಪೋರ್ಟ್ ಓದುವವರು ಮಾತ್ರ ಲಿವರ್ ಕಡೆ ನೋಡುತ್ತಾರೆ. ರೆಫರೆನ್ಸ್ ಗುಂಪಿನವರ ರಕ್ತ ತೆಗೆಯುವಾಗ ಊಟ, ವ್ಯಾಯಾಮ, ಹೊತ್ತು ಎಲ್ಲವನ್ನೂ ನಿಗದಿ ಮಾಡಿರುತ್ತಾರೆ. ನಾವು ಅದನ್ನು ಪಾಲಿಸದೆ ಹೋಲಿಕೆ ಮಾತ್ರ ಮಾಡಿದರೆ, ಶೂ ಹಾಕಿಕೊಂಡು ಎತ್ತರ ಅಳೆದಂತೆ.

ಕಂಪನಿಗಳಲ್ಲಿ ನನ್ನ ವಿನಂತಿ ಇಷ್ಟೇ. ಅಕ್ಷರ ನೋಡಿ ತೀರ್ಮಾನಿಸಬೇಡಿ. ಗೆರೆ ದಾಟಿದ್ದು ಆ ಕೆಲಸ ಮಾಡಲು ಅಡ್ಡಿಯೇ ಎಂದು ವೈದ್ಯರನ್ನು ಕೇಳಿ. ಡ್ರಾಯಿಂಗ್‌ನ ಗೆರೆಗೂ ಚಾರ್ಟ್‌ನ ಗೆರೆಗೂ ವ್ಯತ್ಯಾಸ ಗೊತ್ತಿರುವ ಎಂಜಿನಿಯರ್‌ಗಳು ನಿಮ್ಮಲ್ಲೇ ಇದ್ದಾರಲ್ಲ!

ಏನು ಮಾಡಬಹುದು?

ಮೊದಲನೆಯದು ಲ್ಯಾಬ್‌ಗಳಿಗೆ. ಪ್ರತಿ ಲ್ಯಾಬ್ 120 ಜನರನ್ನು ಹುಡುಕಬೇಕಿಲ್ಲ. ಅದಕ್ಕೆ ಸುಲಭದ ದಾರಿಯೊಂದಿದೆ. ತನ್ನ ಊರಿನ 20 ಮಂದಿ ಆರೋಗ್ಯವಂತರನ್ನು ಪರೀಕ್ಷಿಸಬೇಕು. ಚೀಟಿಯಲ್ಲಿರುವ ರೇಂಜ್‌ನ ಹೊರಗೆ ಇಬ್ಬರಿಗಿಂತ ಹೆಚ್ಚು ಮಂದಿ ಹೋಗದಿದ್ದರೆ ಆ ರೇಂಜ್ ಇಲ್ಲಿಗೂ ಹೊಂದುತ್ತದೆ ಎಂದು ಒಪ್ಪಬಹುದು. ಹೆಚ್ಚು ಮಂದಿ ಹೋದರೆ ಇನ್ನೊಮ್ಮೆ ನೋಡಬೇಕು. ವೈದ್ಯಕೀಯ ಲ್ಯಾಬ್‌ಗಳ ಐಎಸ್‌ಒ 15189 ಮಾನದಂಡವೂ ರೇಂಜ್‌ನ ಆಧಾರವನ್ನು ದಾಖಲಿಸಬೇಕು ಎನ್ನುತ್ತದೆ. ಆದರೆ ನಮ್ಮಲ್ಲಿ ಎನ್‌ಎಬಿಎಲ್ ಮಾನ್ಯತೆ ಪಡೆಯುವುದು ಲ್ಯಾಬ್‌ಗಳ ಇಚ್ಛೆಗೆ ಬಿಟ್ಟಿದ್ದು. ಕನಿಷ್ಠ ರಿಪೋರ್ಟ್‌ನ ಕೆಳಗೆ ಒಂದು ಸಾಲು ಮುದ್ರಿಸಲಿ: ಈ ರೇಂಜ್ ಕಿಟ್‌ನದ್ದೋ, ಪುಸ್ತಕದ್ದೋ, ನಾವೇ ಪರಿಶೀಲಿಸಿದ್ದೋ ಎಂದು. ಬಿಸ್ಕತ್ ಪೊಟ್ಟಣದ ಮೇಲೆ ಎಲ್ಲಿ ತಯಾರಾಯಿತು ಎಂದು ಬರೆಯುತ್ತಾರೆ. ನಮ್ಮ ಆರೋಗ್ಯ ತೀರ್ಮಾನಿಸುವ ಸಂಖ್ಯೆಗೆ ಅಷ್ಟೂ ಬೇಡವೇ?

ಎರಡನೆಯದು ನಮ್ಮ ಕಾಲೇಜು, ವಿಶ್ವವಿದ್ಯಾಲಯಗಳಿಗೆ. ರೆಫರೆನ್ಸ್ ರೇಂಜ್ ಮಾಡುವವರಿಗೆ ಅತಿ ಕಷ್ಟದ ಕೆಲಸ ಆರೋಗ್ಯವಂತರನ್ನು ಹುಡುಕುವುದು. ಆಸ್ಪತ್ರೆಗೆ ಬರುವವರು ರೋಗಿಗಳು ತಾನೇ? ಆರೋಗ್ಯವಂತ ಯುವಕ ಯುವತಿಯರು ಗುಂಪಾಗಿ ಸಿಗುವುದು ಕಾಲೇಜುಗಳಲ್ಲಿ. ಡೆನ್ಮಾರ್ಕ್, ಫಿನ್ಲೆಂಡ್, ಐಸ್‌ಲೆಂಡ್, ನಾರ್ವೆ, ಸ್ವೀಡನ್ ದೇಶಗಳು ಸೇರಿ ಈ ಕೆಲಸವನ್ನು ಹಂಚಿಕೊಂಡು ಮಾಡಿದವು. 102 ಲ್ಯಾಬ್‌ಗಳು ತಲಾ 25 ಮಂದಿಯಷ್ಟು ಆರೋಗ್ಯವಂತರ ಮಾದರಿ ಕೊಟ್ಟವು, ಐದೂ ದೇಶಗಳಿಗೆ ಸಾಮಾನ್ಯ ರೇಂಜ್ 2004ರಲ್ಲಿ ಪ್ರಕಟವಾಯಿತು. ಒಬ್ಬೊಬ್ಬರ ಪಾಲಿಗೆ ಬಂದಿದ್ದು ಚಿಕ್ಕ ಕೆಲಸವೇ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ನಮ್ಮ ವಿಟಿಯು ಕೈಜೋಡಿಸಿದರೆ ಇಲ್ಲೂ ಅದು ಸಾಧ್ಯ. ಮೆಡಿಕಲ್ ಕಾಲೇಜುಗಳು ಅಳೆಯಲಿ. ಲೆಕ್ಕ ಮಾಡಲು ನಾವಿದ್ದೇವೆ. ಲ್ಯಾಬ್ ಕಂಪ್ಯೂಟರ್‌ಗಳಲ್ಲಿ ಈಗಾಗಲೇ ಇರುವ ಲಕ್ಷಾಂತರ ಹಳೆಯ ಫಲಿತಾಂಶಗಳಿಂದ, ಹೆಸರು ವಿಳಾಸ ತೆಗೆದುಹಾಕಿ, ಆರೋಗ್ಯವಂತರ ಹರಹನ್ನು ಬೇರ್ಪಡಿಸುವ ಗಣಿತ ವಿಧಾನಗಳೂ ಇವೆ. ಕಂಪ್ಯೂಟರ್ ಸೈನ್ಸ್ ಗೆಳೆಯರಿಗೆ ಇದಕ್ಕಿಂತ ಒಳ್ಳೆಯ ಫೈನಲ್ ಇಯರ್ ಪ್ರಾಜೆಕ್ಟ್ ಬೇಕೆ?

ನಮ್ಮ ರಾಜ್ಯದೊಳಗೇ ನೋಡಬೇಕಾದ ವ್ಯತ್ಯಾಸಗಳಿವೆ. ಎತ್ತರದ ಜಾಗದಲ್ಲಿ ಬದುಕುವವರ ಹಿಮೋಗ್ಲೋಬಿನ್ ಸಹಜವಾಗಿಯೇ ಸ್ವಲ್ಪ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯೇ ಎತ್ತರಕ್ಕೆ ತಕ್ಕಂತೆ ಸರಿದೂಗಿಸಿ ಎನ್ನುತ್ತದೆ. ಮಂಗಳೂರು ಕಡಲ ಮಟ್ಟದಲ್ಲಿದೆ, ಬೆಂಗಳೂರು ಸುಮಾರು 900 ಮೀಟರ್ ಮೇಲಿದೆ, ಮಡಿಕೇರಿ ಅದಕ್ಕೂ ಎತ್ತರ. ಆದರೆ ಮೂರೂ ಊರಿನ ಲ್ಯಾಬ್‌ಗೆ ಒಂದೇ ಕಿಟ್ ಬಂದರೆ ಚೀಟಿಯಲ್ಲಿರುವುದು ಒಂದೇ ಗೆರೆ.

ಮೂರನೆಯದು ನಮಗೆ, ನಿಮಗೆ. ಇದನ್ನು ನಾನು ನನ್ನ ರಿಪೋರ್ಟ್‌ನಿಂದಲೇ ಕಲಿತೆ. ರೂಂಮೇಟ್ ಜೊತೆ ಮಾಡಿಸಿದ ಪರೀಕ್ಷೆಯಲ್ಲಿ ನನ್ನ ಹಿಮೋಗ್ಲೋಬಿನ್ 12.8 ಇತ್ತು. ಯಾವ ಅಕ್ಷರವೂ ಇಲ್ಲ. ನಾನು ಬೀಗಿದ್ದೂ ನಿಜ. ಇಬ್ಬರೂ ಹಳೆಯ ರಿಪೋರ್ಟ್‌ಗಳನ್ನು ಹಿಡಿದು ವೈದ್ಯರ ಹತ್ತಿರ ಹೋದೆವು. ಅವಳ ಪಿಯುಸಿ ಕಾಲದ ರಿಪೋರ್ಟ್‌ನಲ್ಲೂ 12.1 ಇತ್ತು. ಮೈಯಲ್ಲಿ ಕಬ್ಬಿಣ ಎಷ್ಟು ಸಂಗ್ರಹವಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿದರು, ಸರಿಯಾಗಿತ್ತು. 'ಇದು ನಿನ್ನ ಮಟ್ಟ ಕಣಮ್ಮ, ಚೆನ್ನಾಗಿ ಊಟ ಮಾಡು' ಎಂದರು. ನಂತರ ನನ್ನ ಕಡೆ ತಿರುಗಿದರು. ನನ್ನ ಪಿಯುಸಿ ರಿಪೋರ್ಟ್‌ನಲ್ಲಿ 14.4 ಇತ್ತು. 'ಎರಡು ವರ್ಷದಲ್ಲಿ ಒಂದೂವರೆ ಗ್ರಾಂ ಇಳಿದಿದೆ, ನೋಡಬೇಕಾದ್ದು ನಿನ್ನದು' ಎಂದರು. ನನ್ನ ಫೆರಿಟಿನ್ ಕಡಿಮೆಯಿತ್ತು. ಹಾಸ್ಟೆಲ್ ಊಟ ಬಿಟ್ಟು ಬನ್, ಟೀಯಲ್ಲಿ ದಿನ ಕಳೆದಿದ್ದರ ಫಲ. ಮಾತ್ರೆ ಶುರುವಾಗಿದ್ದು ನನಗೆ. ಅಕ್ಷರ ಇದ್ದವಳಿಗೆ ತೊಂದರೆ ಇರಲಿಲ್ಲ, ತೊಂದರೆ ಇದ್ದವಳಿಗೆ ಅಕ್ಷರ ಇರಲಿಲ್ಲ.

120 ಅಪರಿಚಿತರ ಜೊತೆಗಿನ ಹೋಲಿಕೆಗಿಂತ ನನ್ನ ಜೊತೆಗೇ ನನ್ನ ಹೋಲಿಕೆ ಅನೇಕ ಸಲ ಹೆಚ್ಚು ಹೇಳುತ್ತದೆ. ಹಾಗಾಗಿ ರಿಪೋರ್ಟ್‌ಗಳನ್ನು ಬಿಸಾಡಬೇಡಿ. ಮಾರ್ಕ್ಸ್ ಕಾರ್ಡ್ ಇಡುವ ಫೈಲಿನಲ್ಲೇ ಅವೂ ಇರಲಿ. ಸಾಧ್ಯವಾದಷ್ಟೂ ಒಂದೇ ಲ್ಯಾಬ್‌ನಲ್ಲಿ, ಒಂದೇ ಹೊತ್ತಿನಲ್ಲಿ ಪರೀಕ್ಷೆ ಮಾಡಿಸಿ. ದಪ್ಪಕ್ಷರ ಕಂಡರೆ ಗೂಗಲ್ ತೆರೆದು ರಾತ್ರಿಯಿಡೀ ಹೆದರಬೇಡಿ. ಅಕ್ಷರ ಇಲ್ಲವೆಂದು ಸುಸ್ತು, ತಲೆಸುತ್ತನ್ನು ಕಡೆಗಣಿಸಲೂ ಬೇಡಿ. ಎರಡಕ್ಕೂ ವೈದ್ಯರಿದ್ದಾರೆ. ರಿಪೋರ್ಟ್ ಎನ್ನುವುದು ಅವರ ಜೊತೆಗಿನ ಮಾತಿನ ಆರಂಭ, ಕೊನೆಯಲ್ಲ.

ಮೊನ್ನೆ ಶಿಬಿರದ ಮುಂದಿನ ಸಲದ ಪಟ್ಟಿ ಮಾಡುವಾಗ ರೂಂಮೇಟ್ ತನ್ನ ಹೆಸರನ್ನು ತಾನೇ ಬರೆದಳು. ಈ ಸಲವೂ ಹನಿ ತೇಲಬಹುದು. 'ತೇಲಿದರೆ ನಿನ್ನ ಪಕ್ಕ ಕುರ್ಚಿ ಹಾಕಿಕೊಂಡು ಹೆಸರು ಬರೀತೀನಿ' ಅಂದಳು. 'ರಕ್ತ ಇಲ್ವಂತೆ' ಎಂದು ಯಾರಾದರೂ ಅಂದರೆ ಏನು ಹೇಳುತ್ತೀಯ ಎಂದು ಕೇಳಿದೆ. ಅವಳು ನಕ್ಕು ಹೇಳಿದ್ದಿಷ್ಟು: 'ಯಾರ ಲೆಕ್ಕದಲ್ಲಿ ಅಂತ ಕೇಳ್ತೀನಿ.'